ಬಾಯಿಲ್ಲದ ಹುಳದ ಹೊಟ್ಟೆಪಾಡು

ಹಿಂದಿನ ಸಂಚಿಕೆಯಲ್ಲಿ ಆಳ ಸಮುದ್ರದ ಬಿಸಿನೀರಿನ ಬುಗ್ಗೆಗಳ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ, ಅದರಲ್ಲಿ ಅಲ್ಲಿನ ಪ್ರಾಣಿಗಳಿಗೆ ಊಟ ಬ್ಯಾಕ್ಟೀರಿಯಾದಿಂದ ಬರತ್ತೆ ಅನ್ನೋ ಒಂದು ಮಾತಿತ್ತು. ಆ ಒಂದು ಮಾತು ಹಿಡಿದುಕೊಂಡೇ ಇಷ್ಟೊಂದು ಜನ ಪ್ರಶ್ನೆ ಕಳಿಸಿದ್ದೀರಿ, ನಿಜಕ್ಕೂ ಖುಷಿಯಾಯ್ತು. ಹಾಗಾಗಿ ಈ ಸಲ ಬೇರೆಲ್ಲ ಬದಿಗಿಟ್ಟು ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ಟ್ಯೂಬ್ ವರ್ಮ್ ಅಂತ ಒಂದು ಹುಳ ಇದೆಯಂತೆ, ಅದಕ್ಕೆ ಬಾಯಿನೂ ಇಲ್ಲ ಹೊಟ್ಟೆನೂ ಇಲ್ಲ ಅಂತ ಓದಿದೆ. ಹಾಗಾದ್ರೆ ಆಹಾರ ಒಳಗೆ ಹೋಗೋದು ಎಲ್ಲಿಂದ? ಹೊಟ್ಟೆನೇ ಇಲ್ದೆ ಎರಡು ಮೀಟರ್ ಉದ್ದ ಬೆಳೆಯೋದು ಹೇಗೆ ಸಾಧ್ಯ?

ಉತ್ತರ: ನೀವು ಓದಿದ್ದು ನಿಜ. ಬೆಳೆದ ಹುಳಕ್ಕೆ ಬಾಯಿಲ್ಲ, ಜಠರ ಇಲ್ಲ, ಕರುಳಿಲ್ಲ, ಮಲದ್ವಾರ ಕೂಡ ಇಲ್ಲ. ಇದರ ಹೆಸರು ರಿಫ್ಟಿಯಾ. ಬಿಳಿ ಕೊಳವೆಯೊಳಗೆ ಮೈಯಿಟ್ಟುಕೊಂಡು, ಮೇಲ್ತುದಿಯಿಂದ ಕಡುಕೆಂಪು ಗರಿ ಥರದ್ದೊಂದು ಅಂಗ ಹೊರಗೆ ಚಾಚಿ ನಿಂತಿರತ್ತೆ, ಏನಾದ್ರೂ ತಾಕಿದ್ರೆ ಸರಕ್ಕನೆ ಒಳಗೆ ಎಳೆದುಕೊಳ್ಳತ್ತೆ. ನೋಡೋಕೆ ಹೂವಿನ ಥರ ಇದ್ರೂ ಆ ಗರಿ ಅದರ ಕಿವಿರು, ಕೆಂಪು ಬಣ್ಣ ರಕ್ತದ್ದು.

ಊಟದ ವಿಷಯಕ್ಕೆ ಬರೋಕೆ ಮುಂಚೆ ಅಲ್ಲಿನ ನೀರು ಅರ್ಥ ಆಗಬೇಕು, ಯಾಕಂದ್ರೆ ಕಥೆಯೆಲ್ಲ ಇರೋದು ಅಲ್ಲೇ. ಸಮುದ್ರದ ತಳದ ಬಿರುಕುಗಳಲ್ಲಿ ನೀರು ಕೆಳಗಿಳಿದು, ಶಿಲಾಪಾಕದ ಶಾಖಕ್ಕೆ ಸಿಕ್ಕಿ, ಬಂಡೆಗಳ ಜೊತೆ ಪ್ರತಿಕ್ರಿಯೆ ನಡೆಸಿ, ಗುಣವೇ ಬದಲಾಗಿ ಮೇಲೆ ಬರತ್ತೆ. ಹಾಗೆ ಬರುವಾಗ ಅದರಲ್ಲಿ ಆಕ್ಸಿಜನ್ ಇರಲ್ಲ, ಹೈಡ್ರೋಜನ್ ಸಲ್ಫೈಡ್ ತುಂಬಿರತ್ತೆ, ಅದೇ ಗಂಧಕ ಇರೋ, ಕೊಳೆತ ಮೊಟ್ಟೆ ವಾಸನೆಯ ಅನಿಲ. ಹೊರಗಿರೋ ಸಮುದ್ರದ ನೀರು ಇದಕ್ಕೆ ಪೂರ್ತಿ ಉಲ್ಟಾ, ಎರಡು ಡಿಗ್ರಿಯಷ್ಟು ತಣ್ಣಗಿರತ್ತೆ, ಆಕ್ಸಿಜನ್ ಇರತ್ತೆ, ಸಲ್ಫೈಡ್ ಇರಲ್ಲ. ಈ ಸಲ್ಫೈಡ್‌ಗೂ ಆಕ್ಸಿಜನ್‌ಗೂ ಪ್ರತಿಕ್ರಿಯೆ ನಡೆದ್ರೆ ಶಕ್ತಿ ಬಿಡುಗಡೆ ಆಗತ್ತೆ, ಸೌದೆ ಉರಿದ್ರೆ ಶಾಖ ಬರೋ ಹಾಗೆ. ಕೆಲವು ಬ್ಯಾಕ್ಟೀರಿಯಾ ಈ 'ಉರಿಯೋ' ಕೆಲಸನ ಬೆಂಕಿಯಿಲ್ಲದೆ ಹಂತಹಂತವಾಗಿ ತಮ್ಮ ಮೈಯೊಳಗೆ ಮಾಡಿ, ಸಿಕ್ಕ ಶಕ್ತಿಯಲ್ಲಿ ಕಾರ್ಬನ್ ಡೈಆಕ್ಸೈಡ್‌ನಿಂದ ಸಕ್ಕರೆ ತಯಾರಿಸ್ತವೆ. ಗಿಡ ಬಿಸಿಲಲ್ಲಿ ಮಾಡೋ ಕೆಲಸವೇ ಇದು, ಬಿಸಿಲಿನ ಜಾಗದಲ್ಲಿ ಗಂಧಕ ಇದೆ ಅಷ್ಟೇ. ರಸಾಯನ ಸಂಶ್ಲೇಷಣೆ ಅಂತ ಹೆಸರು.

ಆದ್ರೆ ಒಂದು ತೊಡಕಿದೆ. ಸಲ್ಫೈಡ್ ಇರೋ ನೀರಲ್ಲಿ ಆಕ್ಸಿಜನ್ ಇಲ್ಲ, ಆಕ್ಸಿಜನ್ ಇರೋ ನೀರಲ್ಲಿ ಸಲ್ಫೈಡ್ ಇಲ್ಲ, ಎರಡೂ ಸೇರೋ ಕಡೆ ಬ್ಯಾಕ್ಟೀರಿಯಾಗಾಗಿ ಕಾಯದೆ ತಮ್ಮತಮ್ಮಲ್ಲೇ ಪ್ರತಿಕ್ರಿಯೆ ನಡೆಸಿ ಖರ್ಚಾಗಿಬಿಡ್ತವೆ. ಅಂದ್ರೆ ಬ್ಯಾಕ್ಟೀರಿಯಾಗೆ ಊಟ ಸಿಗೋದು ಎರಡು ನೀರು ಈಗಷ್ಟೇ ಬೆರೀತಿರೋ ಆ ತೆಳ್ಳನೆ ಜಾಗದಲ್ಲಿ ಮಾತ್ರ, ಆ ಜಾಗನೂ ಒಂದೇ ಕಡೆ ನಿಲ್ಲಲ್ಲ, ನೀರು ಅಲುಗಾಡಿದಂಗೆ ಅತ್ತಿತ್ತ ಹೋಗ್ತಿರತ್ತೆ. ನನ್ನ ಪ್ರಕಾರ ಈ ಪ್ರಾಣಿಗಳನ್ನ ಅರ್ಥ ಮಾಡ್ಕೊಳ್ಳೋಕೆ ಈ ಒಂದು ತೊಡಕು ತಲೆಯಲ್ಲಿದ್ರೆ ಸಾಕು. ಎರಡು ನೀರಿನ ಮಧ್ಯೆ ನಿಂತು ಎರಡೂ ಕಡೆಯ ಸರಕನ್ನ ಬ್ಯಾಕ್ಟೀರಿಯಾಗೆ ತಲುಪಿಸೋದೇ ಅವುಗಳ ದುಡಿಮೆ, ಊಟ ಆ ದುಡಿಮೆಯ ಕೂಲಿ.

ರಿಫ್ಟಿಯಾ ಇದನ್ನ ರಕ್ತದಲ್ಲಿ ಸಾಧಿಸಿದೆ. ನಮ್ಮ ಹಾಗೆ ಅದಕ್ಕೂ ಹಿಮೋಗ್ಲೋಬಿನ್ ಇದೆ, ಆದ್ರೆ ಅದರ ದೊಡ್ಡ ಬಗೆಯ ಹಿಮೋಗ್ಲೋಬಿನ್ ಅಣು ನಮ್ಮದಕ್ಕಿಂತ ಸುಮಾರು 50 ಪಟ್ಟು ದೊಡ್ಡದು, ಮತ್ತು ಆಕ್ಸಿಜನ್ ಹಿಡಿಯೋ ಜಾಗ ಬೇರೆ, ಸಲ್ಫೈಡ್ ಹಿಡಿಯೋ ಜಾಗ ಬೇರೆ. ಒಂದೇ ಅಣು ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಹೋಗತ್ತೆ, ಆದ್ರೆ ದಾರಿಯಲ್ಲಿ ಅವು ಒಂದಕ್ಕೊಂದು ಮುಟ್ಟಲ್ಲ! ಇನ್ನೊಂದು ಲಾಭ, ಸಲ್ಫೈಡ್ ಅನ್ನೋದು ಘೋರ ವಿಷ, ಸಯನೈಡ್ ಥರಾನೇ ಜೀವಕೋಶದ ಉಸಿರಾಟ ಕಟ್ಟಿಹಾಕತ್ತೆ, ಹಾಗೆ ಬಿಗಿಯಾಗಿ ಹಿಡಿದಿಟ್ಟಿರೋದ್ರಿಂದ ಹುಳದ ಉಳಿದ ಮೈಗೆ ಅಪಾಯ ಆಗಲ್ಲ. ಗರಿಯಲ್ಲಿ ಹೀರಿದ ಇವೆರಡೂ, ಜೊತೆಗೆ ಕಾರ್ಬನ್ ಡೈಆಕ್ಸೈಡ್, ನೈಟ್ರೇಟ್ ಎಲ್ಲ ರಕ್ತದಲ್ಲಿ ಕೆಳಗಿಳಿದು ಮೈಯೊಳಗಿನ ಟ್ರೋಫೋಸೋಮ್ ಅನ್ನೋ ಅಂಗಕ್ಕೆ ತಲುಪ್ತವೆ. ಹುಳನ ಸೀಳಿ ನೋಡಿದ್ರೆ ಮೈ ತುಂಬ ಕಾಣೋದು ಇದೇ, ಹಸಿರು ಬೆರೆತ ಕಂದು ಬಣ್ಣದ ಮೆತ್ತನೆ ಸ್ಪಂಜಿನಂಥ ಮಾಂಸ, ಅದರ ಮಧ್ಯೆ ಗಂಧಕದ ಸಣ್ಣ ಹರಳುಗಳು. ಅದರ ಒಂದೊಂದು ಗ್ರಾಂನಲ್ಲೂ ನೂರಾರು ಕೋಟಿ ಬ್ಯಾಕ್ಟೀರಿಯಾ ವಾಸ. ಹೊಟ್ಟೆ ಎಲ್ಲಿ ಅಂತ ಕೇಳಿದ್ರಲ್ಲ, ಹೊಟ್ಟೆ ಇರಬೇಕಾದ ಜಾಗದಲ್ಲಿ ಒಂದು ಹೊಲ ಇದೆ ಅಂದ್ಕೊಳ್ಳಿ.

ಅದು ಎಂಥಾ ಫಲವತ್ತಾದ ಹೊಲ ಅಂದ್ರೆ ಈ ಹುಳದ ಕೊಳವೆ ವರ್ಷಕ್ಕೆ 85 ಸೆಂಟಿಮೀಟರ್‌ಗಿಂತ ಹೆಚ್ಚು ಬೆಳೆದಿದ್ದು ದಾಖಲಾಗಿದೆ.

ಪ್ರಶ್ನೆ: ಬ್ಯಾಕ್ಟೀರಿಯಾ ಹುಳಕ್ಕೆ ಊಟ ಬಡಿಸತ್ತೋ ಅಥವಾ ಹುಳವೇ ಬ್ಯಾಕ್ಟೀರಿಯಾನ ತಿಂದುಬಿಡತ್ತೋ?

ಉತ್ತರ: ಎರಡೂ. ಬ್ಯಾಕ್ಟೀರಿಯಾ ತಯಾರಿಸಿದ ಸಾವಯವ ವಸ್ತುವಿನಲ್ಲಿ ಒಂದು ಪಾಲು ಅವುಗಳ ಮೈಯಿಂದ ಸೋರಿ ನೇರವಾಗಿ ಹುಳದ ಅಂಗಾಂಶಕ್ಕೆ ಸೇರತ್ತೆ, ಇದು ಬಹಳ ಬೇಗ ಆಗತ್ತೆ. ಇನ್ನೊಂದು ದಾರಿ ಸ್ವಲ್ಪ ಕಠೋರ. ಟ್ರೋಫೋಸೋಮ್ ಸಣ್ಣಸಣ್ಣ ಉಂಡೆಗಳ ಥರ ಜೋಡಣೆಯಾಗಿದೆ, ಪ್ರತಿ ಉಂಡೆಯ ನಡುವೆ ಬ್ಯಾಕ್ಟೀರಿಯಾ ತುಂಬಿದ ಕೋಶಗಳು ಹುಟ್ತವೆ, ನಿಧಾನಕ್ಕೆ ಅಂಚಿನ ಕಡೆ ಸರೀತವೆ, ಅಂಚಿಗೆ ಬಂದಾಗ ಕೋಶವೂ ಅದರೊಳಗಿನ ಬ್ಯಾಕ್ಟೀರಿಯಾನೂ ಕರಗಿ ಹುಳಕ್ಕೆ ಆಹಾರ ಆಗಿಬಿಡ್ತವೆ. ನಡುವೆ ಬಿತ್ತನೆ, ಅಂಚಲ್ಲಿ ಕಟಾವು, ವರ್ಷಪೂರ್ತಿ.

ಹಾಗಾದ್ರೆ ಬ್ಯಾಕ್ಟೀರಿಯಾಗೆ ಏನು ಲಾಭ ಅಂತ ನೀವು ಮುಂದೆ ಕೇಳೇ ಕೇಳ್ತೀರಿ. ಹೊರಗಿದ್ದಿದ್ರೆ ಆ ತೆಳ್ಳನೆ ಜಾಗ ಹುಡುಕಿಕೊಂಡು ಅಲೀಬೇಕಿತ್ತು, ಇಲ್ಲಿ ಎರಡೂ ಸರಕು ಮನೆಬಾಗಿಲಿಗೇ ಬರತ್ತೆ. ಎಷ್ಟೋ ತಿನ್ನಿಸಿಕೊಂಡ್ರೂ ಉಳಿದವು ಕೋಟಿಗಟ್ಟಲೆ ಆಗ್ತವೆ.

ಪ್ರಶ್ನೆ: ಇದನ್ನೆಲ್ಲ ಕಂಡುಹಿಡಿದಿದ್ದು ಯಾರು? ಅಷ್ಟು ಆಳದಲ್ಲಿ ಜೀವ ಇದೆ ಅಂತ ಮೊದಲೇ ಗೊತ್ತಿತ್ತಾ?

ಉತ್ತರ: ಇಂಥ ಜೀವ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. 1977ರ ಫೆಬ್ರವರಿಯಲ್ಲಿ ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳ ಹತ್ತಿರ, ಸುಮಾರು 2,500 ಮೀಟರ್ ಆಳದಲ್ಲಿ, ಆಲ್ವಿನ್ ಅನ್ನೋ ಪುಟ್ಟ ಜಲಾಂತರ್ಗಾಮಿಯಲ್ಲಿ ಇಳಿದವರು ಹುಡುಕ್ತಿದ್ದಿದ್ದು ಬಿಸಿನೀರಿನ ಬುಗ್ಗೆಗಳನ್ನ, ಪ್ರಾಣಿಗಳನ್ನಲ್ಲ. ಇಳಿದವರಲ್ಲಿ ಜ್ಯಾಕ್ ಕಾರ್ಲಿಸ್ ಮತ್ತು ಚೇರ್ಡ್ ವಾನ್ ಆಂಡೆಲ್ ಇದ್ರು, ಇಬ್ಬರೂ ಭೂವಿಜ್ಞಾನದವರು, ಇಡೀ ತಂಡದಲ್ಲಿ ಒಬ್ಬ ಜೀವಶಾಸ್ತ್ರಜ್ಞನೂ ಇರಲಿಲ್ಲ. ಕೆಳಗೆ ನೋಡಿದ್ರೆ ಅಂಗೈಗಿಂತ ದೊಡ್ಡ ಕಪ್ಪೆಚಿಪ್ಪುಗಳು, ಏಡಿಗಳು, ಹುಳಗಳು. ಮೇಲೆ ತಂದ ಪ್ರಾಣಿಗಳನ್ನ ಕೆಡದ ಹಾಗೆ ಇಡೋಕೆ ಹಡಗಲ್ಲಿ ಸಾಕಷ್ಟು ಫಾರ್ಮಲಿನ್ ಇರಲಿಲ್ಲ, ಕೊನೆಗೆ ಕೆಲವನ್ನ ರಷ್ಯನ್ ವೋಡ್ಕಾದಲ್ಲಿ ಮುಳುಗಿಸಿ ಇಟ್ರು. ನೀರಿನ ಸ್ಯಾಂಪಲ್ ತೆಗೆದ ತಕ್ಷಣ ಕೊಳೆತ ಮೊಟ್ಟೆ ವಾಸನೆ ಹರಡಿಕೊಳ್ತು, ಮುಂದಿನ ಉತ್ತರದ ಸುಳಿವು ಆ ವಾಸನೆಯಲ್ಲೇ ಇತ್ತು.

ಆದ್ರೆ ನನಗೆ ಎಲ್ಲಕ್ಕಿಂತ ಇಷ್ಟ ಆಗೋದು 1980ರ ಘಟನೆ. ಸ್ಮಿತ್‌ಸೋನಿಯನ್ ಸಂಸ್ಥೆಯ ಮೆರೆಡಿತ್ ಜೋನ್ಸ್ ಅನ್ನೋ ಹುಳತಜ್ಞ ಹಾರ್ವರ್ಡ್‌ನಲ್ಲಿ ಪಾಠ ಮಾಡ್ತಾ, ಈ ಹುಳದ ಟ್ರೋಫೋಸೋಮ್‌ನಲ್ಲಿ ಗಂಧಕದ ಹರಳು ಸಿಕ್ಕಿದೆ ಅಂತ ಹೇಳಿದ್ರು. ಕೇಳ್ತಾ ಕೂತಿದ್ದ ಕಾಲೀನ್ ಕ್ಯಾವನಾ ಅನ್ನೋ ವಿದ್ಯಾರ್ಥಿನಿ, ಆಗಿನ್ನೂ ಸಂಶೋಧನೆ ಶುರು ಮಾಡಿದ್ದವಳು, ಎದ್ದು ನಿಂತು ಹಾಗಾದ್ರೆ ಅದರೊಳಗೆ ಗಂಧಕ ಬಳಸೋ ಬ್ಯಾಕ್ಟೀರಿಯಾ ಇರಲೇಬೇಕು ಅಂದ್ಬಿಟ್ಲು. ಹುಳದ ತುಂಡು ಸಿಕ್ತು, ಸೂಕ್ಷ್ಮದರ್ಶಕದಲ್ಲಿ ನೋಡಿದ್ರು, ಇತ್ತು. 1981ರಲ್ಲಿ ಪ್ರಕಟವಾಯ್ತು. ಅದೇ ವರ್ಷ ಹೋರ್ಸ್ಟ್ ಫೆಲ್ಬೆಕ್ ಅನ್ನೋರು ಆ ಅಂಗದಲ್ಲಿ ರುಬಿಸ್ಕೋ ಕಿಣ್ವ ಇದೆ ಅಂತ ತೋರಿಸಿದ್ರು, ಹಸಿರು ಎಲೆ ಗಾಳಿಯ ಕಾರ್ಬನ್ ಹಿಡಿಯೋಕೆ ಬಳಸೋ ಅದೇ ಕಿಣ್ವ, ಒಂದು ಹುಳದ ಮೈಯೊಳಗೆ! ಗಂಧಕ ತಿಂದು ಬದುಕೋ ಬ್ಯಾಕ್ಟೀರಿಯಾ ಬಗ್ಗೆ ವಿನೊಗ್ರಾಡ್ಸ್ಕಿ ಅನ್ನೋ ಸೂಕ್ಷ್ಮಜೀವಿ ತಜ್ಞ 1887ರಲ್ಲೇ ಬರೆದಿದ್ದ, ಆದ್ರೆ ಅಂಥವು ಇಡೀ ಪ್ರಾಣಿಲೋಕವೊಂದನ್ನ ಸಾಕಬಲ್ಲವು ಅಂತ ತೊಂಬತ್ತು ವರ್ಷ ಯಾರಿಗೂ ಹೊಳೆದಿರಲಿಲ್ಲ.

ಪ್ರಶ್ನೆ: ನಾನು ಎಂಟನೇ ಕ್ಲಾಸು. ಹುಳದ ಮರಿ ಹುಟ್ಟುವಾಗಲೇ ಅದರ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇರುತ್ತಾ? ಅಮ್ಮ ಕೊಡುತ್ತಾ?

ಉತ್ತರ: ಎಷ್ಟು ಒಳ್ಳೆ ಪ್ರಶ್ನೆ ಕೇಳಿದ್ದೀಯ ಗೊತ್ತಾ ಮರಿ, ದೊಡ್ಡದೊಡ್ಡ ವಿಜ್ಞಾನಿಗಳು ಇದಕ್ಕೆ ಎಷ್ಟೋ ವರ್ಷ ತಲೆ ಕೆಡಿಸಿಕೊಂಡಿದ್ರು. ರಿಫ್ಟಿಯಾದಲ್ಲಿ ಅಮ್ಮ ಏನೂ ಕೊಡಲ್ಲ. ಲಾರ್ವಾ ಬರಿಗೈಲಿ ಹುಟ್ಟಿ, ನೀರಲ್ಲಿ ತೇಲಿಕೊಂಡು ಬಂದು, ಬುಗ್ಗೆ ಹತ್ತಿರ ಕೂರತ್ತೆ. ಆಗ ಅದಕ್ಕೆ ಚಿಕ್ಕದೊಂದು ಜೀರ್ಣನಾಳ ಇರತ್ತೆ, ಹಾಗಾಗಿ ಬ್ಯಾಕ್ಟೀರಿಯಾ ಬಾಯಿಂದಲೇ ಒಳಗೆ ಹೋಗತ್ತೇನೋ ಅಂತ ಮೊದಲು ಅಂದ್ಕೊಂಡಿದ್ರು, ಆದ್ರೆ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇರೇನೇ ಕಂಡುಬಂತು, ನೀರಲ್ಲಿರೋ ಬ್ಯಾಕ್ಟೀರಿಯಾ ಮರಿಯ ಚರ್ಮ ತೂರಿಕೊಂಡು ಒಳಗೆ ಹೋಗ್ತವೆ! ಸೋಂಕು ತಗಲೋ ಥರಾನೇ. ಒಳಗೆ ಸೇರಿದ ಮೇಲೆ ಆ ಜಾಗದಲ್ಲಿ ಟ್ರೋಫೋಸೋಮ್ ಬೆಳೆಯತ್ತೆ, ಆಮೇಲೆ ಜೀರ್ಣನಾಳ ಸಣ್ಣಗಾಗಿ ಮಾಯ ಆಗತ್ತೆ, ಬಾಯಿನೂ ಹೋಗತ್ತೆ. ಅಲ್ಲಿಂದಾಚೆ ಆ ಹುಳದ ಜೀವನ ಪೂರ್ತಿ ಬ್ಯಾಕ್ಟೀರಿಯಾ ಕೈಲಿ.

ಅಮ್ಮನೇ ಕೊಡೋ ಪ್ರಾಣಿನೂ ಅಲ್ಲೇ ಪಕ್ಕದಲ್ಲಿದೆ, ಅಲ್ಲಿನ ದೊಡ್ಡ ಬಿಳಿ ಕಪ್ಪೆಚಿಪ್ಪು ತನ್ನ ಮೊಟ್ಟೆಯಲ್ಲೇ ಬ್ಯಾಕ್ಟೀರಿಯಾ ಇಟ್ಟು ಕಳಿಸತ್ತೆ.

ಪ್ರಶ್ನೆ: ಹುಳ ಬಿಟ್ಟು ಬೇರೆ ಯಾವ ಪ್ರಾಣಿಗಳು ಹೀಗೆ ಬದುಕ್ತವೆ? ಎಲ್ಲದರದ್ದೂ ಒಂದೇ ವಿಧಾನನಾ?

ಉತ್ತರ: ಒಂದೇ ವಿಧಾನ ಅಲ್ಲವೇ ಅಲ್ಲ, ಎರಡು ನೀರಿನ ಮಧ್ಯೆ ನಿಲ್ಲೋಕೆ ಒಂದೊಂದು ಪ್ರಾಣಿನೂ ಒಂದೊಂದು ಉಪಾಯ ಹೂಡಿದೆ.

ಈಗ ಹೇಳಿದ ಆ ಬಿಳಿ ಕಪ್ಪೆಚಿಪ್ಪನ್ನೇ ತಗೊಳ್ಳಿ. ಅದು ತನ್ನ ಕಾಲನ್ನ, ಅಂದ್ರೆ ಆ ಮಾಂಸದ ನಾಲಗೆಯಂಥ ಭಾಗನ, ಬಂಡೆಯ ಬಿರುಕಿನೊಳಗೆ ತೂರಿಸಿ ಕೆಳಗಿಂದ ಸಲ್ಫೈಡ್ ಹೀರತ್ತೆ, ಮೈಯ ಇನ್ನೊಂದು ತುದಿಯಿಂದ ಮೇಲಿನ ನೀರಿನ ಆಕ್ಸಿಜನ್ ಎಳ್ಕೊಳ್ಳತ್ತೆ, ಎರಡೂ ಕಿವಿರಲ್ಲಿರೋ ಬ್ಯಾಕ್ಟೀರಿಯಾಗೆ ಹೋಗತ್ತೆ. ಕಾಲು ಒಂದು ನೀರಲ್ಲಿ, ತಲೆ ಇನ್ನೊಂದು ನೀರಲ್ಲಿ. ಮಸಲ್ ಅನ್ನೋ ಚಿಪ್ಪುಪ್ರಾಣಿ ಜಾತಿಯ ಬ್ಯಾಥಿಮೋಡಿಯೋಲಸ್ ಇನ್ನೂ ಹುಷಾರು, ಅದರ ಎಷ್ಟೋ ಪ್ರಭೇದಗಳ ಕಿವಿರಲ್ಲಿ ಗಂಧಕದ ಬ್ಯಾಕ್ಟೀರಿಯಾ ಜೊತೆಗೆ ಮೀಥೇನ್ ಬಳಸೋ ಬ್ಯಾಕ್ಟೀರಿಯಾನೂ ಇವೆ, ಹೈಡ್ರೋಜನ್ ಕೂಡ ಇಂಧನ ಆಗತ್ತೆ ಅಂತ 2011ರಲ್ಲಿ ಗೊತ್ತಾಯ್ತು. ಅದು ಬಾಯಿನೂ ಪೂರ್ತಿ ಬಿಟ್ಟುಕೊಟ್ಟಿಲ್ಲ, ನೀರು ಸೋಸಿ ಅಷ್ಟಿಷ್ಟು ತಿನ್ನತ್ತೆ.

ಅಟ್ಲಾಂಟಿಕ್‌ನ ನಡುಬೆನ್ನಿನ, ಅಂದ್ರೆ ಸಾಗರದ ನಡುವೆ ತಳದಲ್ಲಿ ಹಬ್ಬಿರೋ ಬೆಟ್ಟಸಾಲಿನ, ಬುಗ್ಗೆಗಳಲ್ಲಿ ರಿಮಿಕ್ಯಾರಿಸ್ ಅನ್ನೋ ಸೀಗಡಿ ಇದೆ, ಗೋಡೆಗೆ ಮೆತ್ತಿದ ಹಾಗೆ ಸಾವಿರಾರು ಒಟ್ಟೊಟ್ಟಿಗೆ ಮುಕುರಿಕೊಂಡಿರ್ತವೆ. ಅದು ಬ್ಯಾಕ್ಟೀರಿಯಾನ ಸಾಕೋದು ತಲೆಯ ಪಕ್ಕದ ಉಬ್ಬಿದ ಕಿವಿರು ಕೋಣೆಯಲ್ಲಿ ಮತ್ತು ಬಾಯಿಯ ಅಂಗಗಳ ಕೂದಲ ಮೇಲೆ, ಅಲ್ಲಿಂದ ಪೋಷಕಾಂಶ ನೇರ ಚಿಪ್ಪಿನ ಮೂಲಕವೇ ಸೀಗಡಿಯ ಮೈಗೆ ಇಳಿಯೋದನ್ನ ಪ್ರಯೋಗದಲ್ಲಿ ತೋರಿಸಿದ್ದಾರೆ. ಪೊರೆ ಬಿಟ್ಟಾಗೆಲ್ಲ ಆ ತೋಟ ಪೂರ್ತಿ ಹೋಗತ್ತೆ, ಮತ್ತೆ ಮೊದಲಿಂದ ಶುರು. ಹೆಸರಿಗೆ ಕುರುಡು ಸೀಗಡಿ ಆದ್ರೂ ಬೆನ್ನಿನ ಮೇಲೆ ಬೆಳಕು ಗ್ರಹಿಸೋ ಅಂಗ ಇದೆ ಅಂತ ಸಿಂಡಿ ವಾನ್ ಡೋವರ್ ಮತ್ತು ಜೊತೆಗಾರರು 1989ರಲ್ಲಿ ತೋರಿಸಿದ್ರು, ಬುಗ್ಗೆಯ ಮಂಕು ಹೊಳಪು ಅದಕ್ಕೆ ಕಾಣಬಹುದು ಅನ್ನೋದು ಅವರ ವಿಚಾರ.

ಯೇತಿ ಏಡಿಗಳದ್ದು ಮೈಮೇಲಿನ ಬೇಸಾಯ. ಕೋಸ್ಟರಿಕಾ ಸಮುದ್ರದಲ್ಲಿ ಸಿಕ್ಕ ಕಿವಾ ಪುರಾವಿಡಾ ಅನ್ನೋ ಜಾತಿ ಇರೋದು ಬಿಸಿ ಬುಗ್ಗೆಯಲ್ಲಲ್ಲ, ತಣ್ಣಗೆ ಮೀಥೇನ್ ಒಸರೋ ಜಾಗದಲ್ಲಿ, ಆದ್ರೂ ಲೆಕ್ಕ ಅದೇ. ಕೂದಲು ತುಂಬಿದ ಎರಡೂ ಕೊಂಡಿಗಳನ್ನ ತಾಳ ಹಾಕಿದಂಗೆ ಅತ್ತಿತ್ತ ಬೀಸ್ತಾ ನಿಂತಿರತ್ತೆ. ಬೀಸೋದ್ಯಾಕೆ ಅಂದ್ರೆ ಕೂದಲಿಗಂಟಿದ ಬ್ಯಾಕ್ಟೀರಿಯಾ ಸುತ್ತಲಿನ ಸರಕೆಲ್ಲ ತಿಂದು ಖಾಲಿ ಮಾಡಿರ್ತವಲ್ಲ, ಹೊಸ ನೀರು ಬರಲಿ ಅಂತ. ಬೆಳೆ ಬಂದ ಮೇಲೆ ಬಾಯಿ ಹತ್ತಿರದ ಬಾಚಣಿಗೆಯಂಥ ಅಂಗದಲ್ಲಿ ಬಾಚಿ ಬಾಚಿ ತಿನ್ನತ್ತೆ.

ಕೊನೆಗೆ ಹಿಂದೂ ಮಹಾಸಾಗರದ ಶಲ್ಕಪಾದದ ಬಸವನಹುಳ, 2001ರಲ್ಲಿ ಕೈರೇ ಅನ್ನೋ ಬುಗ್ಗೆ ಪ್ರದೇಶದಲ್ಲಿ ಕಂಡಿದ್ದು. ಇದರ ಕಾಲಿನ ಮೇಲೆ ಹೆಂಚು ಹೊದಿಸಿದ ಹಾಗೆ ಸಾಲುಸಾಲು ಶಲ್ಕ, ಅದರ ಮೇಲೆ ಕಬ್ಬಿಣದ ಸಲ್ಫೈಡ್ ಲೇಪ, ಕಪ್ಪಗೆ ಮಿರುಗತ್ತೆ. ಎಲ್ಲರೂ ಆ ಕಬ್ಬಿಣದ ಕವಚ ನೋಡಿ ಬಾಯಿಬಿಡ್ತಾರೆ, ನನ್ನ ಕಣ್ಣು ಮಾತ್ರ ಒಳಗೆ ಹೋಗತ್ತೆ. ಅನ್ನನಾಳದ ಒಂದು ಗ್ರಂಥಿ ವಿಪರೀತ ದೊಡ್ಡದಾಗಿ ಬೆಳೆದು ಬ್ಯಾಕ್ಟೀರಿಯಾಗೆ ಮನೆ ಆಗಿದೆ, ಆ ಮನೆಗೆ ರಕ್ತ ಸರಬರಾಜು ಮಾಡೋಕೆ ಹೃದಯ ಎಷ್ಟು ದೊಡ್ಡದಾಗಿದೆ ಅಂದ್ರೆ ದೇಹದ ಒಟ್ಟು ಗಾತ್ರದ ಶೇಕಡಾ 4ರಷ್ಟು. ಪ್ರಾಣಿಯ ಸ್ವಂತ ಕೆಲಸಕ್ಕೆ ಅಷ್ಟು ದೊಡ್ಡ ಹೃದಯ ಬೇಕಿಲ್ಲ, ಅದು ಬಡಿಯೋದು ಬಹುಪಾಲು ಬ್ಯಾಕ್ಟೀರಿಯಾಗೋಸ್ಕರ. ಸಮುದ್ರ ತಳದ ಗಣಿಗಾರಿಕೆಯ ಭಯ ಇರೋ ಕಾರಣ 2019ರಲ್ಲಿ ಐಯುಸಿಎನ್ ಅನ್ನೋ ಜಾಗತಿಕ ನಿಸರ್ಗ ಸಂರಕ್ಷಣಾ ಒಕ್ಕೂಟ ಇದನ್ನ ಅಳಿವಿನಂಚಿನ ಪಟ್ಟಿಗೆ ಸೇರಿಸ್ತು, ಆ ಕಾರಣಕ್ಕೆ ಪಟ್ಟಿ ಸೇರಿದ ಮೊದಲ ಪ್ರಾಣಿ ಇದೇ. ಬುಗ್ಗೆಗಳು ಕಕ್ಕೋ ಲೋಹದ ಅದಿರಿನ ಮೇಲೆ ಜನರ ಕಣ್ಣು ಬಿದ್ದಿದೆ, ಇದನ್ನ ಬರೀವಾಗ ಸಂಕಟ ಆಗತ್ತೆ.

ಪ್ರಶ್ನೆ: 400 ಡಿಗ್ರಿ ನೀರಲ್ಲಿ ಈ ಪ್ರಾಣಿಗಳು ಬೆಂದು ಹೋಗಲ್ವಾ?

ಉತ್ತರ: ಆ ನೀರಲ್ಲಿ ಅವು ಇರೋದೇ ಇಲ್ಲ. ಕಪ್ಪು ಹೊಗೆಯಂತೆ ಚಿಮ್ಮೋ ಬಾಯಿಯಲ್ಲಿ 350ರಿಂದ 400 ಡಿಗ್ರಿ ಇರತ್ತೆ ನಿಜ, ಮೇಲಿನ ಗಾಳಿಯ ಒತ್ತಡದ 250 ಪಟ್ಟು ಒತ್ತಡ ಇರೋದ್ರಿಂದ ಕುದಿದು ಆವಿ ಆಗಲ್ಲ, ಆದ್ರೆ ಕೆಲವೇ ಅಡಿ ಆಚೆಗೆ ತಣ್ಣೀರು ಬೆರೆತು ಉಗುರುಬೆಚ್ಚಗಾಗಿರತ್ತೆ. ರಿಫ್ಟಿಯಾ ಇರೋದು ಅಲ್ಲಿ.

ಪ್ರಶ್ನೆ: ಸೂರ್ಯನೇ ಇಲ್ಲದಿದ್ರೂ ಈ ಜೀವಿಗಳು ಬದುಕ್ತವೆ ಅಂತಾರಲ್ಲ, ಅದು ನಿಜವಾ?

ಉತ್ತರ: ಹೀಗೆ ಬರೆದಿದ್ದನ್ನ ನಾನೂ ಎಷ್ಟೋ ಕಡೆ ಓದಿದ್ದೀನಿ, ಪ್ರತಿ ಸಲ ತಿದ್ದಬೇಕು ಅನ್ಸತ್ತೆ. ಅಲ್ಲಿಗೆ ಬೆಳಕು ತಲುಪಲ್ಲ ಅನ್ನೋದು ಸರಿ, ಊಟದ ಶಕ್ತಿ ಬಿಸಿಲಿಂದ ಬರಲ್ಲ ಅನ್ನೋದೂ ಸರಿ. ಆದ್ರೆ ಸಲ್ಫೈಡ್ ಉರಿಸೋಕೆ ಆಕ್ಸಿಜನ್ ಬೇಕಲ್ಲ, ಆ ಆಕ್ಸಿಜನ್ ಎಲ್ಲಿಂದ ಬಂತು? ಮೇಲಿನ ಬಿಸಿಲಲ್ಲಿ ಪಾಚಿಗಳು, ಗಿಡಗಳು ಬಿಟ್ಟಿದ್ದು, ತಣ್ಣೀರಿನ ಜೊತೆ ತಳಕ್ಕಿಳಿದು ನಿಧಾನಕ್ಕೆ ಹರಿದು ಬಂದಿದ್ದು. ಹಾಗಾಗಿ ಕಗ್ಗತ್ತಲಲ್ಲಿ ನಿಂತಿರೋ ಆ ಕೆಂಪು ಗರಿ ಕೂಡ ಅರ್ಧ ಸರಕನ್ನ ಭೂಮಿಯ ಒಡಲಿಂದ, ಇನ್ನರ್ಧನ ಬಿಸಿಲಿಂದಲೇ ಪಡೀತಿದೆ. ಸೂರ್ಯನ ಹಂಗು ಪೂರ್ತಿ ಇಲ್ಲದ ಜೀವಿಗಳೂ ಬುಗ್ಗೆಗಳಲ್ಲಿವೆ, ಹೈಡ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಸೇರಿಸಿ ಮೀಥೇನ್ ಮಾಡಿ ಬದುಕೋ ಸೂಕ್ಷ್ಮಜೀವಿಗಳು, ಅವಕ್ಕೆ ಆಕ್ಸಿಜನ್ ಬೇಕಿಲ್ಲ. ಆದ್ರೆ ಅವು ಹುಳ, ಏಡಿಗಳಲ್ಲ.

ಪ್ರಶ್ನೆ: ಬುಗ್ಗೆ ನಿಂತುಹೋದ್ರೆ ಹುಳದ ಗತಿ ಏನು? ಎದ್ದು ಹೋಗೋಕೆ ಅದಕ್ಕೆ ಆಗಲ್ಲವಲ್ಲ.

ಉತ್ತರ: ಆಗಲ್ಲ. ಸಲ್ಫೈಡ್ ನಿಂತ್ರೆ ಬ್ಯಾಕ್ಟೀರಿಯಾ ಕೆಲಸ ನಿಲ್ಲತ್ತೆ, ಹುಳ ಸಾಯತ್ತೆ. ಆದ್ರೆ ಬ್ಯಾಕ್ಟೀರಿಯಾ ಎಲ್ಲವೂ ಅದರ ಜೊತೆ ಸಾಯಲ್ಲ. ಸತ್ತ ಹುಳದ ಟ್ರೋಫೋಸೋಮ್‌ನಿಂದ ಬ್ಯಾಕ್ಟೀರಿಯಾ ಹೊರಗೆ ಬಂದು ಮತ್ತೆ ಸಮುದ್ರಕ್ಕೆ ಸೇರೋದನ್ನ 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿದೆ, ಮುಂದೆ ಯಾವುದೋ ಮರಿಯ ಚರ್ಮ ತೂರೋದು ಇಂಥವೇ.

ಹೊಸ ಬುಗ್ಗೆ ಹುಟ್ಟಿದ್ರೆ ಹುಳಗಳು ಬರೋಕೂ ತಡ ಆಗಲ್ಲ. 1991ರಲ್ಲಿ ಪೂರ್ವ ಪೆಸಿಫಿಕ್ ಏಣು ಅನ್ನೋ ಸಮುದ್ರದಡಿಯ ಬೆಟ್ಟಸಾಲಿನಲ್ಲಿ, ಉತ್ತರ ಅಕ್ಷಾಂಶ 9 ಡಿಗ್ರಿ 50 ನಿಮಿಷದ ಹತ್ತಿರ, ಲಾವಾ ಉಕ್ಕಿ ಅಲ್ಲಿದ್ದ ಪ್ರಾಣಿಗಳನ್ನ ಸುಟ್ಟು ಮುಚ್ಚಿಹಾಕಿತ್ತು, ವಿಜ್ಞಾನಿಗಳು ಇಳಿದಾಗ ಕರಕಲಾದ ಹುಳಗಳ ಚೂರು ಇನ್ನೂ ಬಿದ್ದಿದ್ವು. ಮೂರು ವರ್ಷ ತುಂಬೋ ಮೊದಲೇ ಅದೇ ಬೋಳು ಬಂಡೆ ಮೇಲೆ ರಿಫ್ಟಿಯಾ ಗುಂಪುಗುಂಪಾಗಿ ಆಳೆತ್ತರ ನಿಂತಿತ್ತು. ಅಷ್ಟು ಬೇಗ ಮರಿಗಳು ಬಂದಿದ್ದು ಎಲ್ಲಿಂದ ಅನ್ನೋದು ಬಹಳ ದಿನದ ಪ್ರಶ್ನೆ. 2023ರಲ್ಲಿ ಅದೇ ಏಣಿನಲ್ಲಿ, 2,515 ಮೀಟರ್ ಆಳದಲ್ಲಿ, ರೋಬೋಟ್ ಕೈಯಿಂದ ತಳದ ಲಾವಾ ಹಲಗೆಗಳನ್ನ ಎತ್ತಿ ಪಕ್ಕಕ್ಕಿಟ್ಟು ನೋಡಿದ್ರು. ಬಂಡೆ ಕೆಳಗೆ ಬೆಚ್ಚನೆ ನೀರು ತುಂಬಿದ ಪೊಟರೆಗಳಿದ್ವು, ಆ ಪೊಟರೆಗಳಲ್ಲಿ ಬಸವನಹುಳಗಳು, ಸಣ್ಣ ಹುಳಗಳು, ಜೊತೆಗೆ ಪೂರ್ತಿ ಬೆಳೆದ ರಿಫ್ಟಿಯಾಗಳು. ಲಾರ್ವಾಗಳು ತೇಲಿಕೊಂಡು ಬರೋದು ಮೇಲಿನ ನೀರಲ್ಲಿ ಮಾತ್ರ ಅಲ್ಲ, ನೆಲದಡಿಯ ಈ ಸಂದಿಗಳಲ್ಲೂ ಸಾಗ್ತಿರಬಹುದು ಅಂತ ಈಗ ಆ ತಂಡದವರು ಹೇಳ್ತಿದ್ದಾರೆ.